ಇರಿಂಗಾ ಸೀಮೆಯ ಹಳ್ಳಿ ಚರ್ಚಿನಲ್ಲಿ ಮೊದಲ ಭಾನುವಾರ: ಗಡಿಯಾರ, ಪರಿಚಯ, ಚಿಲ್ಲರೆ, ಹರಾಜು

ಟಾಂಜಾನಿಯಾದ ದಕ್ಷಿಣದ ಎತ್ತರದ ನಾಡಿನಲ್ಲಿ, ಇರಿಂಗಾ ಪಟ್ಟಣದಿಂದ ಮಣ್ಣುರಸ್ತೆಯಲ್ಲಿ ಎರಡು ತಾಸು ಒಳಗಿರುವ ಒಂದು ಹಳ್ಳಿ ಶಾಲೆಯಲ್ಲಿ ಸ್ವಯಂಸೇವೆ ಮುಗಿಸಿ ಈ ತಿಂಗಳು ಊರಿಗೆ ಬಂದಿದ್ದೇನೆ. ಹೊರಡುವ ಮುಂಚೆ ವೀಸಾ, ಲಸಿಕೆ, ಟಿಕೆಟ್ಟು, ಸ್ವೆಟರು ಎಲ್ಲದರ ಬಗ್ಗೆ ಹೇಳುವವರಿದ್ದರು. ಭಾನುವಾರದ ಬಗ್ಗೆ ಯಾರೂ ಹೇಳಲಿಲ್ಲ. ಆದರೆ ಹಳ್ಳಿಗೆ ಹೋದ ಎರಡೇ ದಿನದಲ್ಲಿ "ಕರೀಬು ಕನಿಸಾನಿ", ಚರ್ಚಿಗೆ ಬನ್ನಿ, ಎಂಬ ಕರೆ ಬರುತ್ತದೆ. ಹೆಡ್‌ಮಾಸ್ಟರು ಕರೆಯುತ್ತಾರೆ, ನೀವು ಉಳಿದುಕೊಂಡ ಮನೆಯ ತಾಯಿ ಕರೆಯುತ್ತಾರೆ, ಅಂಗಡಿಯವನೂ ಕರೆಯುತ್ತಾನೆ. ಹೂಂ ಎಂದ ಮೇಲೆ ಏನೇನು ಎದುರಾಗುತ್ತದೆ ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಮುಂದೆ ಹೋಗುವವರು ನನ್ನಷ್ಟು ಗಲಿಬಿಲಿಗೊಳ್ಳದಿರಲಿ.

ಹೋಗಲೇಬೇಕೆಂಬ ಕಡ್ಡಾಯವಿಲ್ಲ. ಕ್ರೈಸ್ತರಲ್ಲದವರು ಹೋದರೆ ಮತಾಂತರಕ್ಕೆ ಒಪ್ಪಿದಂತೆ ಎಂದು ಅಲ್ಲಿ ಯಾರೂ ಭಾವಿಸುವುದಿಲ್ಲ. ಮುಸ್ಲಿಂ ಶಿಕ್ಷಕರು ಕ್ರೈಸ್ತ ಸಹೋದ್ಯೋಗಿಯ ಮದುವೆ, ಮಣ್ಣಿಗೆ ಚರ್ಚಿನೊಳಗೇ ಬಂದು ಕೂರುವ ಊರು ಅದು. ಆದರೂ ಹೋಗಿ ಎಂದೇ ನಾನು ಹೇಳುತ್ತೇನೆ. ಶಾಲೆಯಲ್ಲಿ ನಿಮ್ಮನ್ನು ನೋಡುವುದು ಮಕ್ಕಳು ಮತ್ತು ಮೇಷ್ಟರು ಮಾತ್ರ. ಇಡೀ ಊರು ನೋಡುವುದು ಭಾನುವಾರ. ಅಂದು ಮುಖ ಪರಿಚಯವಾದರೆ ಸೋಮವಾರದಿಂದ ದಾರಿಯಲ್ಲಿ ಸಿಕ್ಕವರೆಲ್ಲ ಹೆಸರು ಹಿಡಿದು ಮಾತಾಡಿಸುತ್ತಾರೆ, ಮಳೆಯಲ್ಲಿ ಸಿಕ್ಕಿಕೊಂಡರೆ ಮನೆಯೊಳಗೆ ಕರೆಯುತ್ತಾರೆ.

ಭಾನುವಾರಕ್ಕೆ ಮೊದಲು ಒಂದು ಕಾಗದದ ಕೆಲಸವಿದೆ. ಸ್ವಯಂಸೇವಕರು ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಅವರಿಗಿರುವುದು ಕ್ಲಾಸ್ ಸಿ ನಿವಾಸ ಪರವಾನಗಿ, ಅದನ್ನು ಸಂಸ್ಥೆಯೇ ಮಾಡಿಸಬೇಕು. ಅದರ ಪ್ರತಿ ಮತ್ತು ಪಾಸ್‌ಪೋರ್ಟಿನ ಪ್ರತಿ ಹಿಡಿದು ಊರಿನ ಕಚೇರಿಗೆ ಹೋಗಿ, ಗ್ರಾಮದ ಅಧ್ಯಕ್ಷರನ್ನೂ ಕಾರ್ಯನಿರ್ವಾಹಕ ಅಧಿಕಾರಿಯನ್ನೂ ಕಂಡು "ಕಿತಾಬು ಚಾ ವಗೇನಿ"ಯಲ್ಲಿ, ಅಂದರೆ ಅತಿಥಿಗಳ ಪುಸ್ತಕದಲ್ಲಿ, ಸಹಿ ಹಾಕಬೇಕು. ಕಿತಾಬು ನಮಗೂ ಗೊತ್ತಿರುವ ಮಾತೇ. ತಾರೀಖು, ಹೆಸರು, ಎಲ್ಲಿಂದ, ಯಾಕೆ ಬಂದದ್ದು, ಸಹಿ ಎಂದು ಐದು ಕಾಲಂ. ಇದನ್ನು ಮಾಡದೆ ಭಾನುವಾರ ಸಭೆಯಲ್ಲಿ ಎದ್ದು ನಿಂತರೆ, ಅಲ್ಲೇ ಬೆಂಚಿನಲ್ಲಿ ಕೂತಿರುವ ಅಧ್ಯಕ್ಷರಿಗೆ ನೀವು ಯಾರೆಂದು ಗೊತ್ತಿರುವುದಿಲ್ಲ. ಅದು ಅವರಿಗೆ ಮುಜುಗರ. ನನ್ನನ್ನು ಕಳಿಸಿದ ಸಂಸ್ಥೆಯವರು ಈ ವಿಷಯ ಹೇಳಿರಲಿಲ್ಲ. ಶನಿವಾರ ಸಂಜೆ ಮನೆಯಾತ ನೆನಪಿಸಿದ್ದಕ್ಕೆ ಅಧಿಕಾರಿಯ ಮನೆಗೇ ಹೋಗಿ ಬರಬೇಕಾಯಿತು.

ಇನ್ನು ಗಡಿಯಾರ. ಎಲ್ಲರೂ ಎಡವುವ ಜಾಗ ಇದೇ. ಚರ್ಚಿನ ಗೋಡೆಯಲ್ಲಿ "ಇಬಾದ: ಸಾ 3:00 ಅಸುಬುಹಿ" ಎಂದು ಬರೆದಿರುತ್ತದೆ. ಇಬಾದ ಎಂದರೆ ಆರಾಧನೆ, ಅಸುಬುಹಿ ಎಂದರೆ ಬೆಳಗ್ಗೆ. ಬೆಳಗಿನ ಮೂರು ಗಂಟೆ? ಅಲ್ಲ, ಒಂಬತ್ತು ಗಂಟೆ. ಅಲ್ಲಿನ ಮಾತಾದ ಸ್ವಾಹಿಲಿಯಲ್ಲಿ ಹಗಲಿನ ಎಣಿಕೆ ಸೂರ್ಯ ಹುಟ್ಟಿದ ಮೇಲೆ ಶುರುವಾಗುತ್ತದೆ, ನಮ್ಮ ಪಂಚಾಂಗದವರು ಸೂರ್ಯೋದಯದಿಂದ ಗಳಿಗೆ ಎಣಿಸುವ ಹಾಗೆ. ಸಮಭಾಜಕಕ್ಕೆ ಹತ್ತಿರದ ನಾಡಾದ್ದರಿಂದ ವರ್ಷವಿಡೀ ಹೊತ್ತು ಹುಟ್ಟುವುದು ಹೆಚ್ಚುಕಡಿಮೆ ಆರರ ಆಸುಪಾಸು. ಹಾಗಾಗಿ ನಮ್ಮ ಏಳು ಗಂಟೆ ಅವರ ಒಂದು, ನಮ್ಮ ಒಂಬತ್ತು ಅವರ ಮೂರು, ನಮ್ಮ ಹನ್ನೆರಡು ಅವರ ಆರು. ಆರು ಕೂಡಿಸಿದರೆ ಅಥವಾ ಕಳೆದರೆ ಲೆಕ್ಕ ಸರಿಹೋಗುತ್ತದೆ. ಗೋಡೆ ಗಡಿಯಾರವಿದ್ದರೆ ಚಿಕ್ಕ ಮುಳ್ಳಿನ ಎದುರು ತುದಿಯ ಅಂಕಿ ಓದಿಕೊಂಡರಾಯಿತು.

ಇಷ್ಟು ತಿಳಿದಿದ್ದರೂ ತಪ್ಪು ಆಗುವುದು ಇಂಗ್ಲಿಷಿನಲ್ಲಿ ಮಾತಾಡುವಾಗ. ಕೆಲವರು ನಿಮಗಾಗಿ ಆರು ಕೂಡಿಸಿ ಹೇಳುತ್ತಾರೆ, ಕೆಲವರು ಹಾಗೇ ಅನುವಾದಿಸುತ್ತಾರೆ. "ನಾಲ್ಕಕ್ಕೆ ಬನ್ನಿ" ಎಂದರೆ ಹತ್ತು ಗಂಟೆಯೋ ಸಂಜೆಯೋ ತಿಳಿಯುವುದಿಲ್ಲ. ಅದಕ್ಕೇ ಸಮಯವನ್ನು ಯಾವಾಗಲೂ ಸ್ವಾಹಿಲಿಯಲ್ಲೇ ಕೇಳಿ: "ಸಾ ತಾತು ಅಸುಬುಹಿ?" ಹೌದು ಎಂದರೆ ಒಂಬತ್ತು. ಬಸ್ಸಿನ ಟಿಕೆಟ್ಟಿಗೂ ಇದೇ ಎಚ್ಚರ ಬೇಕು, ಅಲ್ಲಿ ತಪ್ಪಿದರೆ ನಷ್ಟ ಇನ್ನೂ ದೊಡ್ಡದು.

ಗಂಟೆ ಎರಡು ಸಲ ಬಾರಿಸುತ್ತಾರೆ. ನಮ್ಮ ಹಳ್ಳಿ ಶಾಲೆಗಳಲ್ಲಿ ರೈಲು ಕಂಬಿಯ ತುಂಡು ನೇತುಹಾಕಿರುವಂತೆ ಅಲ್ಲಿ ಮರದ ಕೊಂಬೆಗೆ ಲಾರಿ ಚಕ್ರದ ಹಳೆಯ ರಿಮ್ಮು. ಮೊದಲ ಗಂಟೆ ಮನೆಯಿಂದ ಹೊರಡಲು, ಎರಡನೆಯದು ಶುರುವಾಗಲು. ಮೊದಲ ಗಂಟೆಗೇ ಹೊರಡಿ. ಹೊಸಬರನ್ನು ಯಾರ ಪಕ್ಕ ಕೂರಿಸಬೇಕು, ಯಾರು ಪರಿಚಯ ಮಾಡಿಸಬೇಕು ಎಂಬುದೆಲ್ಲ ಆ ಅರ್ಧ ತಾಸಿನಲ್ಲಿ ಹಿರಿಯರು ತೀರ್ಮಾನಿಸುತ್ತಾರೆ.

ಬಟ್ಟೆಯ ವಿಚಾರ ಬೇಗ ಮುಗಿಯುತ್ತದೆ. ಗಂಡಸರಿಗೆ ಉದ್ದ ಪ್ಯಾಂಟು, ಕಾಲರಿನ ಅಂಗಿ. ಚಡ್ಡಿ ಬೇಡ. ಹೆಂಗಸರಿಗೆ ಮೊಣಕಾಲಿನ ಕೆಳಗೆ ಬರುವ ಲಂಗ ಅಥವಾ ಉಡುಪು. ನಮ್ಮ ಚೂಡಿದಾರ ನಡೆಯುತ್ತದೆ, ಸೊಂಟಕ್ಕೆ ಒಂದು ಕಿತೇಂಗೆ ಬಟ್ಟೆ ಸುತ್ತಿಕೊಂಡರೆ ಅಜ್ಜಿಯರಿಗೆ ಖುಷಿ. ಶೂ ತೊಳೆದು ಒರೆಸಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆಗಾಲ, ಕೆಂಪು ಕೆಸರು ಹಿಡಿದರೆ ಬಿಡುವುದಿಲ್ಲ, ಆದರೂ ಜನ ಬಾಗಿಲ ಬಳಿ ಕಡ್ಡಿಯಿಂದ ಕೆರೆದು ಶೂ ಚೊಕ್ಕ ಮಾಡಿಕೊಂಡೇ ಒಳಗೆ ಬರುತ್ತಾರೆ. ಜೂನ್, ಜುಲೈಯಲ್ಲಿ ಬೆಳಗಿನ ಚಳಿ ಕೊಡಗಿನ ಡಿಸೆಂಬರನ್ನು ನೆನಪಿಸುತ್ತದೆ, ಸ್ವೆಟರು ಇರಲಿ. ನೀರು ಕುಡಿದು, ಶೌಚ ಮುಗಿಸಿಯೇ ಹೋಗಿ. ಬೆಂಚಿಗೆ ಒರಗು ಇರುವುದಿಲ್ಲ, ಆರಾಧನೆ ಮೂರು ತಾಸಿಗೆ ಕಡಿಮೆ ಇರುವುದಿಲ್ಲ.

ನಾನು ಹೋದದ್ದು ಲೂಥರನ್ ಚರ್ಚಿಗೆ. ಅದರ ಸ್ವಾಹಿಲಿ ಹೆಸರನ್ನು ಅಲ್ಲಿ ಚಿಕ್ಕದಾಗಿ ಕೆಕೆಕೆಟಿ ಎನ್ನುತ್ತಾರೆ. ಏಳು ಪ್ರಾದೇಶಿಕ ಚರ್ಚುಗಳು 1963ರಲ್ಲಿ ಒಂದಾಗಿ ಹುಟ್ಟಿದ ಸಭೆ ಇದು. ದಕ್ಷಿಣದ ಎತ್ತರದ ನಾಡಿಗೆ ಬರ್ಲಿನ್ ಮಿಷನ್ನಿನವರು ಕಾಲಿಟ್ಟದ್ದು 1891ರಲ್ಲಿ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ಹಾಗೆಯೇ ಇವರೂ ಜರ್ಮನ್ ಕೀರ್ತನೆಗಳ ರಾಗ ತಂದರು. ಬಾಸೆಲ್ ಮಿಷನ್ ಮೂಲದ ಚರ್ಚುಗಳಲ್ಲಿ ಬೆಳೆದ ಕನ್ನಡಿಗರಿಗೆ ಮಾತು ತಿಳಿಯದಿದ್ದರೂ ಕೆಲವು ರಾಗಗಳ ಗುರುತು ಸಿಗುತ್ತದೆ.

ಇಲ್ಲಿನ ವ್ಯವಸ್ಥೆ ತಿಳಿದಿದ್ದರೆ ಯಾವ ವಾರ ಹೋಗಬೇಕೆಂದು ಆರಿಸಿಕೊಳ್ಳಬಹುದು. ಒಬ್ಬ ಪಾದ್ರಿಗೆ, ಅಂದರೆ ಮ್ಚುಂಗಾಜಿಗೆ, ಒಂದು "ಉಶರೀಕ". ಅದರೊಳಗೆ ಹಲವು "ಮ್ತಾ"ಗಳು, ಒಂದೊಂದು ಹಳ್ಳಿಗೋ ಕೇರಿಗೋ ಒಂದು ಚಿಕ್ಕ ಚರ್ಚು. ಪಾದ್ರಿ ಸುತ್ತುತ್ತಾ ಇರುತ್ತಾರೆ. ಅವರಿಲ್ಲದ ವಾರ ಆರಾಧನೆ ನಡೆಸುವುದು "ಮ್ವಿಂಜಿಲಿಸ್ತಿ", ಅಂದರೆ ಅದೇ ಊರಿನ ಸುವಾರ್ತಿಕ. ಪಾದ್ರಿ ಬರುವ ವಾರ ದೀಕ್ಷಾಸ್ನಾನ, ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭುಭೋಜನ ಎಲ್ಲ ಒಟ್ಟಿಗೆ ಇರುವುದರಿಂದ ನಾಲ್ಕು ತಾಸು ದಾಟಬಹುದು. ಮೊದಲ ಸಲಕ್ಕೆ ಸುವಾರ್ತಿಕರ ವಾರ ಒಳ್ಳೆಯದು. ಪ್ರಭುಭೋಜನದ ವೇಳೆ ದೃಢೀಕರಣ, ಅಂದರೆ ಸಭೆಯ ಪೂರ್ಣ ಸದಸ್ಯರಾಗುವ ವಿಧಿ, ಆದವರು ಮಾತ್ರ ಮುಂದೆ ಹೋಗುತ್ತಾರೆ. ಉಳಿದವರು ಕೂತೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸಾಲು ಎದ್ದಿತೆಂದು ಜೊತೆಗೆ ಎದ್ದು ಹೋಗಬೇಡಿ.

ಒಳಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಮುಂದೆ. ಅತಿಥಿಗಳನ್ನು ಮುಂದಿನ ಸಾಲಿಗೆ ಎಳೆದುಕೊಂಡು ಹೋಗುತ್ತಾರೆ. ಒಂದೆರಡು ಸಲ ಬೇಡ ಎನ್ನಬಹುದು, ಮೂರನೇ ಸಲ ಎದ್ದು ಹೋಗುವುದೇ ಮರ್ಯಾದೆ. ಗಾಯನ ತಂಡಗಳು, ಅಂದರೆ ಕ್ವಾಯಗಳು, ಒಂದಲ್ಲ: ದೊಡ್ಡವರದು, ಯುವಕರದು, ತಾಯಂದಿರದು. ಪ್ರತಿ ತಂಡಕ್ಕೂ ಒಂದೇ ಬಣ್ಣದ ಬಟ್ಟೆ, ಪ್ರತಿ ತಂಡಕ್ಕೂ ಒಂದೆರಡು ಹಾಡು. ಕರೆಂಟಿಲ್ಲದ ಕಡೆ ಸೋಲಾರ್ ಬ್ಯಾಟರಿಯಲ್ಲಿ ಕೀಬೋರ್ಡು ಮತ್ತು ಸ್ಪೀಕರು ನಡೆಯುತ್ತವೆ, ಬ್ಯಾಟರಿ ಕೈಕೊಟ್ಟರೆ ಡೋಲು ಇದ್ದೇ ಇದೆ. ಹಾಡು ಕಾವೇರಿದಾಗ ಹೆಂಗಸರು ನಾಲಿಗೆ ಆಡಿಸಿ ಹೊರಡಿಸುವ ಕೇಕೆಗೆ ವಿಗೆಲೆಗೆಲೆ ಎಂದು ಹೆಸರು. ಮೊದಲ ಸಲ ಮೈ ಜುಮ್ಮೆನ್ನುತ್ತದೆ.

ವಾಚನದ ವೇಳೆ ಕನ್ನಡ ಬೈಬಲ್ ಕೈಯಲ್ಲಿದ್ದರೆ ಜೊತೆಗೇ ಓದಬಹುದು. ಮತಾಯೊ ಎಂದರೆ ಮತ್ತಾಯ, ಯೋಹಾನ ನಮ್ಮ ಯೋಹಾನನೇ, ಜಬೂರಿ ಎಂದರೆ ಕೀರ್ತನೆಗಳು, ಮ್ವಾಂಜೊ ಎಂದರೆ ಆದಿಕಾಂಡ, ಕುತೋಕ ಎಂದರೆ ವಿಮೋಚನಕಾಂಡ. "ಸೂರ" ಅಧ್ಯಾಯ, "ಮ್ಸ್ತಾರಿ" ವಚನ. ಐದರವರೆಗೆ ಎಣಿಕೆ ಬಾಯಿಪಾಠವಿರಲಿ: ಮೋಜ, ಮ್ಬೀಲಿ, ತಾತು, ನ್ನೆ, ತಾನೊ. ಪುಸ್ತಕವೇ ಇದ್ದರೆ ಒಳ್ಳೆಯದು. ಮೊಬೈಲಿನಲ್ಲಿ ಓದುವಿರಾದರೆ ಪಕ್ಕದವರಿಗೆ ಮೊದಲೇ ತೋರಿಸಿಬಿಡಿ, ಇಲ್ಲವಾದರೆ ಮೆಸೇಜು ನೋಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಪ್ರಸಂಗದ ಹೊತ್ತಿಗೆ ಶಾಲೆಯ ಮೇಷ್ಟರೊಬ್ಬರು ಪಕ್ಕ ಬಂದು ಕಿವಿಯಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳಬಹುದು. ಫೋಟೊ ತೆಗೆಯಬೇಕೆಂದರೆ ಹಿಂದಿನ ದಿನವೇ ಹಿರಿಯರನ್ನು ಕೇಳಿ, ಅದೂ ಹೊರಗೆ ಬಂದ ಮೇಲೆ.

ಎದೆ ಬಡಿದುಕೊಳ್ಳುವ ಘಳಿಗೆ ಪರಿಚಯದ್ದು. "ವಗೇನಿ" ಎಂಬ ಮಾತು ಕಿವಿಗೆ ಬಿತ್ತೆಂದರೆ ಸಿದ್ಧರಾಗಿ, ಅತಿಥಿಗಳು ಏಳಬೇಕು. ಮುನ್ನೂರು ಕಣ್ಣು ನಿಮ್ಮ ಮೇಲಿರುತ್ತವೆ. ಹೇಳಬೇಕಾದ್ದು ಇಷ್ಟೇ, ಕಾಗದದಲ್ಲಿ ಬರೆದಿಟ್ಟುಕೊಂಡರೂ ತಪ್ಪಿಲ್ಲ:

"ಬ್ವಾನ ಯೇಸು ಅಸಿಫೀವೆ!" (ಸಭೆ "ಆಮೆನ್" ಎನ್ನುವವರೆಗೆ ಕಾಯಿರಿ.) "ಜೀನ ಲಾಂಗು ನಿ..." ಎಂದು ಹೆಸರು. "ನಿನತೋಕ ಇಂಡಿಯಾ, ಜಿಂಬೊ ಲಾ ಕರ್ನಾಟಕ. ನಿನಜಿತೊಲೇಯ ಶುಲೇನಿ. ನಿಮೆಫುರಾಹಿ ಕುವ ಪಮೋಜ ನಾನ್ಯಿ. ಅಸಂತೇನಿ."

ಕರ್ತ ಯೇಸುವಿಗೆ ಸ್ತೋತ್ರ, ನನ್ನ ಹೆಸರು ಇಂಥದ್ದು, ಭಾರತದ ಕರ್ನಾಟಕ ರಾಜ್ಯದಿಂದ ಬಂದಿದ್ದೇನೆ, ಶಾಲೆಯಲ್ಲಿ ಸ್ವಯಂಸೇವೆ ಮಾಡುತ್ತಿದ್ದೇನೆ, ನಿಮ್ಮ ಜೊತೆ ಇರುವುದು ಸಂತೋಷ, ಎಲ್ಲರಿಗೂ ಧನ್ಯವಾದ ಎಂದರ್ಥ. ಮೊದಲ ಸ್ತುತಿವಾಕ್ಯ ಹೇಳಲು ಮನಸ್ಸಾಗದವರು "ಹಬಾರಿ ಜಾ ಅಸುಬುಹಿ" ಎಂದು ಬೆಳಗಿನ ಕ್ಷೇಮ ವಿಚಾರಿಸಿ ಶುರು ಮಾಡಬಹುದು. ನೀವು ಕ್ರೈಸ್ತರೇ ಎಂದು ಸಭೆಯಲ್ಲಿ ಕೇಳುವುದಿಲ್ಲ. ಊಟದ ಹೊತ್ತಿನಲ್ಲಿ ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ. ಇನ್ನೊಂದು ವಿಷಯ: ಟಾಂಜಾನಿಯಾದಲ್ಲಿ "ಮ್ಹಿಂದಿ" ಎಂದರೆ ಪಟ್ಟಣದಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟಿರುವ, ಹೆಚ್ಚಾಗಿ ಗುಜರಾತಿ ಮೂಲದ ಜನ ಎಂದೇ ಮೊದಲು ಮನಸ್ಸಿಗೆ ಬರುತ್ತದೆ. ನಿಮ್ಮದೂ ಇರಿಂಗಾದಲ್ಲಿ ಅಂಗಡಿ ಇದೆ ಎಂದು ಭಾವಿಸುವವರಿರುತ್ತಾರೆ. ನೇರವಾಗಿ ಭಾರತದಿಂದಲೇ ಬಂದದ್ದು ಎಂಬುದನ್ನು ಒತ್ತಿ ಹೇಳಿ.

ಮುಖ್ಯವಾಗಿ, ಎದ್ದು ನಿಂತಾಗ ಏನನ್ನೂ ಕೊಡುತ್ತೇನೆ ಎನ್ನಬೇಡಿ. "ಮುಂದಿನ ಸಲ ಪುಸ್ತಕ ತರುತ್ತೇನೆ", "ಕಂಪ್ಯೂಟರ್ ಕೊಡಿಸಲು ನೋಡುತ್ತೇನೆ" ಎಂಬಂಥ ಮಾತು ನಮಗೆ ಸೌಜನ್ಯ. ಅಲ್ಲಿ ಸಭೆಯ ಮುಂದೆ ಆಡಿದ ಮಾತು "ಅಹಾದಿ", ವಾಗ್ದಾನ. ಪ್ರತಿ ಕುಟುಂಬವೂ ವರ್ಷಕ್ಕೆ ಇಷ್ಟು ಎಂದು ಅಹಾದಿ ಬರೆಸಿ, ಲಕೋಟೆಯಲ್ಲಿ ಕಂತು ಕಂತಾಗಿ ತೀರಿಸುತ್ತದೆ. ನಿಮ್ಮ ಮಾತೂ ಹಾಗೇ ನೆನಪಿನಲ್ಲಿ ಉಳಿಯುತ್ತದೆ, ಹಿಂದೆ ಬಂದು ಹೋದ ಸ್ವಯಂಸೇವಕರು ಕೊಟ್ಟು ಮರೆತ ಮಾತುಗಳು ಅಲ್ಲಿನವರಿಗೆ ಇನ್ನೂ ನೆನಪಿವೆ. ಅದನ್ನು ಕೇಳುವುದು ನೋವಿನ ಸಂಗತಿ. ಚರ್ಚಿನ ಮಾಡಿಗೆ "ಬಾತಿ", ಅಂದರೆ ತಗಡಿನ ಶೀಟು, ಬೇಕೆಂದು ಕೇಳಬಹುದು. ಕೊಡುವ ಶಕ್ತಿ ಮನಸ್ಸು ಎರಡೂ ಇದ್ದರೆ ಆಮೇಲೆ ಖಜಾಂಚಿಯ ಕೈಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಈಗ ದುಡ್ಡು. ಒಂದು ರೂಪಾಯಿಗೆ ಸುಮಾರು 27ರಿಂದ 30 ಶಿಲ್ಲಿಂಗ್ ಎಂದು ಲೆಕ್ಕ ಇಟ್ಟುಕೊಳ್ಳಿ. ಕಾಣಿಕೆ ಒಂದೇ ಸಲ ಎಂದುಕೊಂಡು ಇದ್ದ 2,000ದ ನೋಟನ್ನು ಮೊದಲ ಬುಟ್ಟಿಗೇ ಹಾಕಿದರೆ ಮುಂದೆ ಕೈ ಖಾಲಿ. "ಸದಕ" ಎರಡು ಮೂರು ಸಲ ಇರುತ್ತದೆ: ಒಂದು ಸಾಮಾನ್ಯ ಕಾಣಿಕೆ, ಒಂದು ಕಟ್ಟಡಕ್ಕೆ, ಒಮ್ಮೊಮ್ಮೆ ಕೃತಜ್ಞತೆಯದು. ಬುಟ್ಟಿ ನಿಮ್ಮ ಬಳಿ ಬರುವುದಿಲ್ಲ, ಸಾಲು ಸಾಲಾಗಿ ನೀವೇ ಎದ್ದು, ಹಾಡಿನ ತಾಳಕ್ಕೆ ಹೆಜ್ಜೆ ಹಾಕುತ್ತಾ ಮುಂದೆ ಹೋಗಿ ಹಾಕಿ ಬರಬೇಕು. ಬಲಗೈಯಲ್ಲೇ ಹಾಕಿ. ಹಳ್ಳಿಯಲ್ಲಿ 10,000ದ ನೋಟಿಗೆ ಭಾನುವಾರ ಬೆಳಗ್ಗೆ ಚಿಲ್ಲರೆ ಸಿಗುವುದಿಲ್ಲ, ಶುಕ್ರವಾರವೇ ಅಂಗಡಿಯಲ್ಲಿ ಮಾಡಿಸಿ. ನಾನು ಒಯ್ಯುತ್ತಿದ್ದದ್ದು 1,000ದ ಐದು ನೋಟು, 500ರ ನಾಲ್ಕು ನಾಣ್ಯ, 2,000ದ ಎರಡು ನೋಟು. ಪ್ರತಿ ಸದಕಕ್ಕೆ 500 ಅಥವಾ 1,000, ಉಳಿದದ್ದು ಹರಾಜಿಗೆ. ಕಾಣಿಕೆಯಲ್ಲಿ ದೊಡ್ಡ ನೋಟು ಎತ್ತಿ ತೋರಿಸಿ ಹಾಕುವುದು ಬೇಡ. ಪಕ್ಕದಲ್ಲಿ 200ರ ನಾಣ್ಯ ಹಾಕುವ ತಾಯಿ ಇರುತ್ತಾಳೆ.

ಪ್ರಕಟಣೆ ಮುಗಿದು ಕೊನೆಯ ಹಾಡು ಶುರುವಾದಾಗ ಎಲ್ಲರೂ ಹಾಡುತ್ತಲೇ ಹೊರಗೆ ನಡೆಯುತ್ತಾರೆ. ಮುಗಿಯಿತು ಎಂದುಕೊಂಡು ಮನೆ ದಾರಿ ಹಿಡಿಯಬೇಡಿ. ಬಾಗಿಲಲ್ಲಿ ಪಾದ್ರಿ ಅಥವಾ ಸುವಾರ್ತಿಕರು ನಿಂತಿರುತ್ತಾರೆ. ಹೊರಬಂದವರು ಅವರ ಕೈ ಕುಲುಕಿ ಪಕ್ಕದಲ್ಲಿ ನಿಲ್ಲುತ್ತಾರೆ, ಮುಂದೆ ಬಂದವರು ಇಬ್ಬರ ಕೈ ಕುಲುಕಿ ಮೂರನೆಯವರಾಗಿ ನಿಲ್ಲುತ್ತಾರೆ. ಹೀಗೆ ಸಾಲು ಬೆಳೆದು ಅಂಗಳದ ಸುತ್ತ ಬಳೆಯಾಗುತ್ತದೆ. ಕೊನೆಯವರು ಬರುವ ಹೊತ್ತಿಗೆ ಊರಿನ ಪ್ರತಿಯೊಬ್ಬರೂ ಪ್ರತಿಯೊಬ್ಬರ ಕೈ ಮುಟ್ಟಿರುತ್ತಾರೆ. ಬಲಗೈ ಚಾಚುವಾಗ ಎಡಗೈಯಿಂದ ಬಲ ಮೊಳಕೈಯ ಕೆಳಗೆ ಹಿಡಿದುಕೊಳ್ಳುವುದು ಗೌರವ. ಹಿರಿಯರಿಗೆ "ಶಿಕಮೋ" ಎನ್ನಬೇಕು, ಅವರು "ಮರಹಾಬ" ಎನ್ನುತ್ತಾರೆ. ಹೆಹೆ ಜನರ ನಾಡಾದ್ದರಿಂದ ಅವರ ಮಾತಿನಲ್ಲೇ "ಕಮ್ವೇನೆ" ಎಂದು ನಮಸ್ಕರಿಸಿದರೆ ಮುಖ ಅರಳುತ್ತದೆ. ನೇಗಿಲು, ಗುದ್ದಲಿ ಹಿಡಿದು ಗಡುಸಾದ ಅಷ್ಟು ಕೈಗಳನ್ನು ಒಂದೇ ಹೊತ್ತಿನಲ್ಲಿ ಮುಟ್ಟಿದ ನೆನಪು ನನ್ನಲ್ಲಿ ಈಗಲೂ ಬೆಚ್ಚಗಿದೆ.

ಆಶೀರ್ವಾದ ಆ ಅಂಗಳದಲ್ಲೇ. ಅದಾದ ಮೇಲೆ "ಮ್ನಾದ", ಹರಾಜು. ಕೈಯಲ್ಲಿ ಕಾಸಿಲ್ಲದವರು ಬೆಳೆದದ್ದನ್ನೇ ಕಾಣಿಕೆ ತಂದಿರುತ್ತಾರೆ: ಮೊಟ್ಟೆ, ಕೋಳಿ, ಕುಂಬಳಕಾಯಿ, ಬೆಣ್ಣೆಹಣ್ಣು, ಕಬ್ಬು, ಒಂದು "ಗುನೀಯ" ಜೋಳ. ಗುನೀಯ ನಮ್ಮ ಗೋಣಿಯೇ, ಪೆಸ ನಮ್ಮ ಪೈಸೆಯೇ. ಮಂಗಳೂರು ಉಡುಪಿ ಕಡೆ ಸುಗ್ಗಿ ಹಬ್ಬದಲ್ಲಿ ಚರ್ಚಿನಂಗಳದ ಹರಾಜು ನೋಡಿದವರಿಗೆ, ನಾಯಕನಹಟ್ಟಿ ಜಾತ್ರೆಯಲ್ಲಿ ಮುಕ್ತಿ ಬಾವುಟದ ಹರಾಜು ಕೇಳಿದವರಿಗೆ ಇದರ ಉಮೇದು ಗೊತ್ತು. ನಮ್ಮಲ್ಲಿ ವರ್ಷಕ್ಕೊಮ್ಮೆ, ಅಲ್ಲಿ ಸಾಮಾನು ಬಂದ ಪ್ರತಿ ವಾರ.

ಒಂದು ವಾರ ಪ್ಲಾಸ್ಟಿಕ್ ಬೋಗುಣಿಯಲ್ಲಿ ಮೂರೇ ಮೊಟ್ಟೆ ಬಂದಿದ್ದವು. ತಂದ ಅಜ್ಜಿ ಹಿಂದೆ ಮೈಗೆ ಹೊದ್ದ ಕಾಂಗ ಬಟ್ಟೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಕೂಗುವವನು "ಎಲ್ಫು ಮೋಜ!" ಎಂದು ಸಾವಿರದಿಂದ ಶುರು ಮಾಡಿದ. ಸಾವಿರದೈನೂರು, ಎರಡು ಸಾವಿರ. "ಮಾರ ಯಾ ಕ್ವಾಂಜ, ಮಾರ ಯಾ ಪೀಲಿ, ಮಾರ ಯಾ ತಾತು", ಮೊದಲ ಸಲ, ಎರಡನೇ ಸಲ, ಮೂರನೇ ಸಲ ಎಂದು ಒಬ್ಬ ಬಡಗಿಗೆ ಬಿಟ್ಟ. ಬಡಗಿ ದುಡ್ಡು ಕೊಟ್ಟು ಮೊಟ್ಟೆ ವಾಪಸ್ ಕಾಣಿಕೆಗೆ ಬಿಟ್ಟ, ಮತ್ತೆ ಹರಾಜು. ಎರಡನೇ ಸಲ ಕೊಂಡವಳು ಅವನ್ನು ಪಾದ್ರಿಯ ಹೆಂಡತಿಗೆ ಕೊಟ್ಟಳು. ಮೂರು ಮೊಟ್ಟೆಗೆ ನಾಲ್ಕು ಸಾವಿರ ಸಿಕ್ಕಿತು. ಅಜ್ಜಿ ಬೋಗುಣಿ ತೆಗೆದುಕೊಂಡು ಹೊರಟಾಗ ಹೆಂಗಸರೆಲ್ಲ ವಿಗೆಲೆಗೆಲೆ ಹಾಕಿದರು.

ಆದ್ದರಿಂದ ಬೆಲೆ ಸಂತೆಗಿಂತ ಜಾಸ್ತಿ ಎಂದು ಚೌಕಾಸಿ ಮಾಡುವ ಜಾಗ ಅದಲ್ಲ. ಹಾಗೆಂದು ಪ್ರತಿಯೊಂದಕ್ಕೂ ನೀವೇ ಏರಿಸಿ ಕೂಗಿದರೆ ಊರಿನವರಿಗೆ ಅವಕಾಶ ತಪ್ಪುತ್ತದೆ. ಮನೆಗೆ ಬೇಕಾದ ಜೋಳದ ಮೂಟೆ ಲೆಕ್ಕ ಹಾಕಿ ಬಂದ ಸಂಸಾರ ಅಲ್ಲಿರುತ್ತದೆ. ಒಂದೋ ಎರಡೋ ಚಿಕ್ಕ ಸಾಮಾನಿಗೆ ಕೂಗಿ, 5,000ಕ್ಕೆ ನಿಲ್ಲಿಸಿ. ಕೈ ಎತ್ತಿ ತಲೆ ಕೆರೆದುಕೊಂಡರೂ ಬೆಲೆ ಕೂಗಿದಂತೆ ಲೆಕ್ಕ, ಜೋಪಾನ. ಸಂಖ್ಯೆಗಳು ಸುಲಭ: ಎಲ್ಫು ಸಾವಿರ, ಮೀಯ ನೂರು, "ಲಾಕಿ" ಎಂದರೆ ನಮ್ಮ ಲಕ್ಷವೇ. ದುಡ್ಡು ಸಾಲದಿದ್ದರೆ ಬರೆದುಕೊಳ್ಳುವವರು ಪುಸ್ತಕದಲ್ಲಿ ಹೆಸರು ಹಾಕಿಕೊಳ್ಳುತ್ತಾರೆ. ಮೊಬೈಲಿನಲ್ಲಿ ದುಡ್ಡು ಕಳಿಸುವ ಎಂ-ಪೆಸ ಸೇವೆ ಇದ್ದರೆ ಅಲ್ಲೇ ಕಳಿಸಬಹುದು.

ಕೆಲವೊಮ್ಮೆ ಜೀವಂತ ಕೋಳಿಯನ್ನೇ ಕೊಂಡು ಅತಿಥಿಗೆ ಉಡುಗೊರೆ ಕೊಡುತ್ತಾರೆ. ಸಸ್ಯಾಹಾರಿಗಳು ಕೂಡ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಬೇಡ ಎನ್ನುವಂತಿಲ್ಲ. ಕಾಲು ಕಟ್ಟಿರುತ್ತದೆ. ತಲೆಕೆಳಗಾಗಿ ನೇತಾಡಿಸದೆ ರೆಕ್ಕೆ ಒತ್ತಿ ಕಂಕುಳಲ್ಲಿ ಇಟ್ಟುಕೊಂಡರೆ ಸುಮ್ಮನಿರುತ್ತದೆ. ಮನೆಗೆ ಬಂದು ಉಳಿದುಕೊಂಡ ಮನೆಯವರಿಗೆ ಕೊಟ್ಟುಬಿಡಿ. ಅವರು ಸಾಕಿಕೊಂಡರೆ ಮುಂದೊಂದು ದಿನ ಅದರ ಮೊಟ್ಟೆಯೂ ಹರಾಜಿಗೆ ಬರುತ್ತದೆ.

ಇಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ಊಟಕ್ಕೆ ಯಾರಾದರೂ ಕರೆದೇ ಕರೆಯುತ್ತಾರೆ, ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಮನೆಯ ಹುಡುಗಿ ಬೋಗುಣಿ ಹಿಡಿದು ಚೊಂಬಿನಿಂದ ಕೈಗೆ ನೀರು ಹಾಕುತ್ತಾಳೆ. ಉಗಾಲಿ ಬರುತ್ತದೆ. ಜೋಳದ ಹಿಟ್ಟಿನ ಮುದ್ದೆ, ಬಿಳಿಯದು. ಇಲ್ಲಿ ಜೋಳ ಎಂದದ್ದೆಲ್ಲ ಮುಸುಕಿನ ಜೋಳವೇ. ರಾಗಿ ಮುದ್ದೆಯಂತೆ ನುಂಗುವುದಲ್ಲ, ತುತ್ತು ಉಂಡೆ ಮಾಡಿ ಹೆಬ್ಬೆರಳಲ್ಲಿ ಗುಳಿ ಒತ್ತಿ, ಸೊಪ್ಪು ಅಥವಾ ಹುರುಳಿಕಾಯಿ ಬೀಜದ ಸಾರು ಎತ್ತಿಕೊಂಡು ತಿನ್ನುವುದು. ಮಾಂಸ ತಿನ್ನದವರು ಹಿಂದಿನ ದಿನವೇ "ಸೀಲಿ ನ್ಯಾಮ" ಎಂದು ಹೇಳಿಡಿ. ಕೋಳಿ ಕೊಯ್ದು ಬೇಯಿಸಿದ ಮೇಲೆ ಹೇಳಿದರೆ ಅವರ ವಾರದ ಖರ್ಚು ವ್ಯರ್ಥವಾಗುತ್ತದೆ. ಬರಿಗೈಲಿ ಹೋಗಬೇಡಿ, ಒಂದು ಕಿಲೋ ಸಕ್ಕರೆ ಅಥವಾ ಚಹಾಪುಡಿ ಸಾಕು.

ನನ್ನ ಒಂದು ಭಾನುವಾರದ ಖರ್ಚು: ಕಾಣಿಕೆ 2,000, ಹರಾಜು 4,500, ಸಕ್ಕರೆ 3,000, ಮಳೆ ಬಂದದ್ದರಿಂದ ವಾಪಸ್ ಬರಲು ಬೋಡಾಬೋಡಾ ಎಂಬ ಬಾಡಿಗೆ ಬೈಕಿಗೆ 2,000. ಒಟ್ಟು 11,500 ಶಿಲ್ಲಿಂಗ್, ನಮ್ಮ ನಾನೂರು ರೂಪಾಯಿ ಚಿಲ್ಲರೆ. ಹರಾಜಿನಲ್ಲಿ ಬೆಣ್ಣೆಹಣ್ಣನ್ನು ಬಿದಿರಿನ ಬುಟ್ಟಿಯ ಸಮೇತ ಕೈಗೆ ಕೊಡುತ್ತಾರೆ. ಬುಟ್ಟಿ ತಂದವರದು, ಹರಾಜಾದದ್ದು ಹಣ್ಣು ಮಾತ್ರ. ಯಾರದೆಂದು ಅಲ್ಲೇ ಕೇಳಿಕೊಂಡು, ಒರೆಸಿ, ಬುಧವಾರದೊಳಗೆ ಅವರ ಮನೆಗೆ ಮುಟ್ಟಿಸಿ.